ಭರತಪುರದ ನೀರು ಯಾರದ್ದು?

ದೆಹಲಿಯಲ್ಲಿ ನೆಲೆಸಿದ ನಮ್ಮಂಥ ಕನ್ನಡಿಗರಿಗೆ ವಿಜಯದಶಮಿಯಿಂದ ದೀಪಾವಳಿವರೆಗಿನ ಮೂರು ವಾರಗಳೇ ವರ್ಷದ ಹಿತವಾದ ಕಾಲ. ಮಳೆ ನಿಂತಿರುತ್ತದೆ, ಸೆಕೆ ಇಳಿದಿರುತ್ತದೆ, ಹೊಗೆಮಂಜು ಇನ್ನೂ ದಟ್ಟವಾಗಿ ಕವಿದಿರುವುದಿಲ್ಲ. ಈ ಶರದೃತುವಿನಲ್ಲಿ ಸಾಧ್ಯವಾದಾಗಲೆಲ್ಲ ನಾನು ರಾಜಸ್ಥಾನದ ಭರತಪುರಕ್ಕೆ ಹೋಗುತ್ತೇನೆ. ದೆಹಲಿಯಿಂದ ಸುಮಾರು 180 ಕಿಲೋಮೀಟರ್ ದೂರದಲ್ಲಿರುವ ಕೇವಲಾದೇವ ರಾಷ್ಟ್ರೀಯ ಉದ್ಯಾನ ಹಕ್ಕಿ ನೋಡುವವರಿಗೆ ಹೆಸರಾದ ಸ್ಥಳ. ಅಲ್ಲಿನ ಹಕ್ಕಿಗಳ ಫೋಟೋಗಳನ್ನು ನೀವೆಲ್ಲ ನೋಡಿರುತ್ತೀರಿ. ಆ ಹಕ್ಕಿಗಳಿಗೆ ನೆಲೆಯಾದ ನೀರಿನ ಚರಿತ್ರೆಯನ್ನು ಮಾತ್ರ ನಮ್ಮಲ್ಲಿ ಹೆಚ್ಚು ಜನ ಕೇಳಿರಲಾರರು. ಈ ಲೇಖನದಲ್ಲಿ ಅದನ್ನು ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಈ ಋತುವಿನ ಬಗ್ಗೆ ಒಂದೆರಡು ಮಾತು. ಅಕ್ಟೋಬರ್ ತಿಂಗಳಲ್ಲಿ ಕೇವಲಾದೇವದಲ್ಲಿ ಎರಡು ಲೋಕಗಳು ಒಟ್ಟಿಗೆ ಸೇರುತ್ತವೆ. ಮಳೆಗಾಲದಲ್ಲಿ ಗೂಡು ಕಟ್ಟಿದ ಇಲ್ಲಿನವೇ ಆದ ಹಕ್ಕಿಗಳು ಇನ್ನೂ ಮರಿಗಳ ಆರೈಕೆಯಲ್ಲಿರುತ್ತವೆ. ನೀರಿನ ನಡುವೆ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಚಮಚ ಕೊಕ್ಕಿನ ಹಕ್ಕಿ, ನೀರುಕಾಗೆ, ಹಾವಕ್ಕಿಗಳ ಸಂಸಾರ. ಒಂದೊಂದು ಮರವೂ ಹೆರಿಗೆ ಮನೆಯಂತೆ ಗಲಾಟೆಯಿಂದ ತುಂಬಿರುತ್ತದೆ. ಅದೇ ಹೊತ್ತಿಗೆ ಉತ್ತರದಿಂದ ಅತಿಥಿಗಳು ಇಳಿಯತೊಡಗುತ್ತಾರೆ. ಸೂಜಿಬಾಲದ ಬಾತುಗಳು ಬರುತ್ತವೆ. ಹಿಮಾಲಯವನ್ನೇ ಹಾರಿ ದಾಟುವ ಪಟ್ಟೆತಲೆಯ ಹೆಬ್ಬಾತುಗಳೂ ಬರುತ್ತವೆ. ಚಳಿ ಬಲಿತ ಮೇಲೆ ಅತಿಥಿಗಳ ಸಂಖ್ಯೆ ಹೆಚ್ಚು. ಆದರೆ ಮನೆಯವರನ್ನೂ ಅತಿಥಿಗಳನ್ನೂ ಒಟ್ಟಿಗೆ ಕಾಣಬೇಕಾದರೆ ಶರದೃತುವೇ ಸರಿ.

ಇಷ್ಟೆಲ್ಲ ಜೀವರಾಶಿಯನ್ನು ಕಂಡವರಿಗೆ ಇದು ಪ್ರಕೃತಿಯೇ ಮಾಡಿಟ್ಟ ಸರೋವರ ಎನಿಸುವುದು ಸಹಜ. ವಾಸ್ತವದಲ್ಲಿ ಇಲ್ಲಿದ್ದದ್ದು ಒಂದು ತಗ್ಗು ಪ್ರದೇಶ ಮಾತ್ರ. 18ನೇ ಶತಮಾನದಲ್ಲಿ ಭರತಪುರದ ಜಾಟ್ ದೊರೆ ಸೂರಜ್ ಮಲ್ ಗಂಭೀರ್ ಮತ್ತು ಬಾಣಗಂಗಾ ನದಿಗಳ ಪ್ರದೇಶದಲ್ಲಿ ಅಜಾನ್ ಬಂಡ್ ಎಂಬ ಒಡ್ಡು ಕಟ್ಟಿಸಿದ. ಅಲ್ಲಿಂದ ಈ ತಗ್ಗಿಗೆ ನೀರು ಹರಿದು ನಿಲ್ಲತೊಡಗಿತು. ಒಳಗೆ ಇದ್ದ ಶಿವಾಲಯದ ಹೆಸರೇ ಜಾಗಕ್ಕೂ ಬಂತು: ಕೇವಲಾದೇವ. ಸುಮಾರು 29 ಚದರ ಕಿಲೋಮೀಟರ್ ವಿಸ್ತೀರ್ಣದ ಈ ಉದ್ಯಾನದಲ್ಲಿ ನೀರು ನಿಲ್ಲುವುದು ಮೂರನೇ ಒಂದು ಭಾಗದಲ್ಲಿ. ಅದೂ ತೂಬು ತೆರೆದು ಕಾಲುವೆಯಲ್ಲಿ ಹರಿಸಿದರೆ ಮಾತ್ರ.

ನಮ್ಮವರಿಗೆ ಇದು ಹೊಸದಲ್ಲ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಹುಟ್ಟಿದ್ದೂ ಹೀಗೆಯೇ. 17ನೇ ಶತಮಾನದಲ್ಲಿ ಮೈಸೂರು ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದ ಆ ನಡುಗಡ್ಡೆಗಳು ರೂಪುಗೊಂಡವು. ರೈತನ ಗದ್ದೆಗಾಗಿ ಕಟ್ಟಿದ ಒಡ್ಡು ಹಕ್ಕಿಗಳಿಗೂ ಆಸರೆಯಾಯಿತು. ಈ ಎರಡೂ ತಾಣಗಳನ್ನು ಜೋಡಿಸುವ ಇನ್ನೊಂದು ಹೆಸರು ಪಕ್ಷಿತಜ್ಞ ಸಲೀಂ ಅಲಿ ಅವರದ್ದು. 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸುವಂತೆ ಮೈಸೂರು ಅರಸರ ಮನವೊಲಿಸಿದವರು ಅವರು. ಮುಂದೆ ಭರತಪುರದ ಪರವಾಗಿಯೂ ನಿಂತರು.

ಆದರೆ ಭರತಪುರದ ನೀರು ಬೇರೊಂದು ದಾರಿ ಹಿಡಿಯಿತು. 19ನೇ ಶತಮಾನದ ಕೊನೆಯಲ್ಲಿ ಇಲ್ಲಿ ಕಾಲುವೆ, ತೂಬು, ಏರಿಗಳನ್ನು ಹೊಸದಾಗಿ ಕಟ್ಟಿ ಇಡೀ ಜಾಗವನ್ನು ಬಾತುಕೋಳಿ ಬೇಟೆಗೆ ಸಜ್ಜುಗೊಳಿಸಲಾಯಿತು. 1902ರಲ್ಲಿ ವೈಸ್‌ರಾಯ್ ಲಾರ್ಡ್ ಕರ್ಜನ್ ಕಾಲದಿಂದ ದೊಡ್ಡ ಬೇಟೆಗಳು ಆರಂಭವಾದವು. ಅವುಗಳ ಲೆಕ್ಕವನ್ನು ಕಲ್ಲಿನ ಫಲಕದ ಮೇಲೆ ಕೆತ್ತಿಸಿ ದೇವಾಲಯದ ಹತ್ತಿರ ನಿಲ್ಲಿಸಲಾಗಿದೆ. ತಾರೀಖು, ಬಂದ ಗಣ್ಯರು, ಬಂದೂಕುಗಳ ಸಂಖ್ಯೆ, ಸತ್ತ ಹಕ್ಕಿಗಳ ಸಂಖ್ಯೆ ಎಲ್ಲವೂ ಅಂಗಡಿಯ ಖಾತೆ ಪುಸ್ತಕದ ಹಾಗೆ ಸಾಲುಸಾಲಾಗಿ ಇವೆ. 1938ರ ನವೆಂಬರ್ 12ರ ಸಾಲಿನ ಮುಂದೆ ನಾನು ಪ್ರತಿಸಲವೂ ನಿಲ್ಲುತ್ತೇನೆ. ವೈಸ್‌ರಾಯ್ ಲಾರ್ಡ್ ಲಿನ್‌ಲಿತ್‌ಗೋ ಬಂದಿದ್ದ ಆ ಒಂದೇ ದಿನ ಸತ್ತ ಹಕ್ಕಿಗಳು 4,273. ನಮ್ಮ ಲೆಕ್ಕದಲ್ಲಿ ಅದು ಕಾರ್ತೀಕ ಮಾಸ, ಮನೆಮನೆಯ ತುಳಸಿಕಟ್ಟೆಯಲ್ಲಿ ದೀಪ ಉರಿಯುವ ಕಾಲ.

ಸ್ವಾತಂತ್ರ್ಯ ಬಂದ ಮೇಲೆ ಸುತ್ತಲಿನ ರೈತರಿಂದ ಒಂದು ಬೇಡಿಕೆ ಬಂತು. ರಾಜರ ಬೇಟೆಯ ಮೈದಾನ ಇನ್ನೇಕೆ, ನೀರು ಬಸಿದು ಜಮೀನನ್ನು ಸಾಗುವಳಿಗೆ ಕೊಡಿ ಎಂಬುದು ಅದರ ಸಾರ. ಅನ್ನದ ಕೊರತೆಯಿದ್ದ ಆ ದಿನಗಳಲ್ಲಿ ಅದು ಅನ್ಯಾಯದ ಮಾತೇನಲ್ಲ. ಸಲೀಂ ಅಲಿ ಪ್ರಧಾನಿ ನೆಹರೂ ಅವರ ಗಮನ ಸೆಳೆದದ್ದರಿಂದ ಜೌಗು ಉಳಿಯಿತು. ಬೇಟೆ ಒಮ್ಮೆಲೇ ನಿಲ್ಲಲಿಲ್ಲ. ಕೊನೆಯ ದೊಡ್ಡ ಬೇಟೆ ನಡೆದದ್ದು 1964ರಲ್ಲಿ. ಮಹಾರಾಜರ ಬೇಟೆಯ ಹಕ್ಕು 1972ರವರೆಗೂ ಇತ್ತು. 1981ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಯಲ್ಲಿ ಹೆಸರು ಸೇರಿತು, 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1985ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾಣವೆಂದು ಮನ್ನಣೆ ದೊರೆಯಿತು.

ಮಾಹಿತಿ ಪುಸ್ತಕಗಳಲ್ಲಿ ಈ ಮೂರು ಇಸವಿಗಳು ಹೆಮ್ಮೆಯಿಂದ ಒಂದರ ಪಕ್ಕ ಒಂದು ನಿಲ್ಲುತ್ತವೆ. ಅವುಗಳ ನಡುವೆ ಒಂದು ನೋವೂ ಇದೆ. ಉದ್ಯಾನದ ಸುತ್ತಲಿನ ಹಳ್ಳಿಗಳ ಎಮ್ಮೆ, ಹಸುಗಳು ತಲೆಮಾರುಗಳಿಂದ ಒಳಗೆ ಮೇಯುತ್ತಿದ್ದವು. ರಾಷ್ಟ್ರೀಯ ಉದ್ಯಾನದ ಕಾನೂನಿನ ಪ್ರಕಾರ 1982ರಲ್ಲಿ ಮೇಯಿಸುವುದನ್ನು ಪೂರ್ತಿ ನಿಷೇಧಿಸಲಾಯಿತು. ಬದಲಿ ಮೇವಿನ ವ್ಯವಸ್ಥೆ ಇಲ್ಲದೆ ಬಂದ ನಿಷೇಧವನ್ನು ಹಳ್ಳಿಗರು ವಿರೋಧಿಸಿದರು. ಘರ್ಷಣೆಯಲ್ಲಿ ಪೊಲೀಸರು ಗುಂಡು ಹಾರಿಸಿದರು, ಹಲವರು ಪ್ರಾಣ ಕಳೆದುಕೊಂಡರು. ಹಕ್ಕಿಗಳ ಮೇಲೆ ಬಂದೂಕು ನಿಂತು ಹತ್ತು ವರ್ಷಕ್ಕೆ ಅದೇ ಊರಿನಲ್ಲಿ ಮನುಷ್ಯರ ಮೇಲೆ ಬಂದೂಕು ತಿರುಗಿತು.

ಮೇವು ಎಂದರೆ ದನ ಕಾಯುವವನ ಚಿಂತೆಯಷ್ಟೇ ಎಂದು ನಾವು ಎಣಿಸಬಾರದು. ಹಳ್ಳಿಯಲ್ಲಿ ಹುಲ್ಲು ಹೊರುವವಳು, ಸಗಣಿ ಬಾಚಿ ಬೆರಣಿ ತಟ್ಟುವವಳು, ಹಾಲು ಕರೆದು ಮಾರಿ ಮಕ್ಕಳ ಫೀಸು ಹೊಂದಿಸುವವಳು ಹೆಣ್ಣುಮಗಳೇ. ಗೇಟು ಮುಚ್ಚಿದಾಗ ಅವಳ ದಿನದ ದಾರಿ ಉದ್ದವಾಗುತ್ತದೆ. ನಮ್ಮ ಮಹಿಳಾ ವೇದಿಕೆಯಲ್ಲಿ ಪರಿಸರದ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಲೆಕ್ಕ.

ಮುಂದೆ ನಡೆದದ್ದು ವಿಜ್ಞಾನಿಗಳಿಗೂ ಪಾಠವಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ವಿ. ಎಸ್. ವಿಜಯನ್ ಅವರ ನೇತೃತ್ವದಲ್ಲಿ 1980ರ ದಶಕದಲ್ಲಿ ಇಲ್ಲಿ ದೀರ್ಘ ಅಧ್ಯಯನ ನಡೆಸಿತು. ಎಮ್ಮೆಗಳು ಮೇಯದೆ ಬಿಟ್ಟಾಗ ಪ್ಯಾಸ್ಪಾಲಮ್ ಎಂಬ ನೀರಹುಲ್ಲು ದಟ್ಟವಾಗಿ ಬೆಳೆದು ಕೊಳಗಳನ್ನು ಮುಚ್ಚತೊಡಗಿತ್ತು. ತೆರೆದ ನೀರು ಕಡಿಮೆಯಾಗಿ ಬಾತುಗಳಿಗೂ ಮೀನುಗಳಿಗೂ ತೊಂದರೆಯಾಯಿತು. ಹಕ್ಕಿಗಳ ವೈರಿ ಎಂದು ಹೊರಗಟ್ಟಿದ ಎಮ್ಮೆ, ಆ ಜೌಗಿನ ಆರೋಗ್ಯ ಕಾಯುತ್ತಿದ್ದ ಕೆಲಸಗಾರ್ತಿಯಾಗಿತ್ತು! ಮುಂದಿನ ವರ್ಷಗಳಲ್ಲಿ ಹಳ್ಳಿಗರಿಗೆ ಒಳಗೆ ಬಂದು ಕೈಯಿಂದ ಹುಲ್ಲು ಕೊಯ್ದುಕೊಂಡು ಹೋಗಲು ಅವಕಾಶ ನೀಡಲಾಯಿತು. ಒಣನೆಲದಲ್ಲೆಲ್ಲ ಹಬ್ಬಿದ ಬಳ್ಳಾರಿ ಜಾಲಿಯನ್ನು ಬೇರುಸಹಿತ ಕಿತ್ತು ಸೌದೆಯಾಗಿ ಒಯ್ಯುವ ಕೆಲಸದಲ್ಲೂ ಸುತ್ತಲಿನ ಹಳ್ಳಿಗಳ ಕುಟುಂಬಗಳನ್ನೇ ಸೇರಿಸಿಕೊಳ್ಳಲಾಯಿತು. ಅವರಿಗೆ ಉರುವಲು ಸಿಕ್ಕಿತು, ಉದ್ಯಾನಕ್ಕೆ ನೆಲ ಮರಳಿತು. ಇದೇ ಬುದ್ಧಿ 1982ರಲ್ಲಿ ಬಂದಿದ್ದರೆ ಎಷ್ಟು ಚೆನ್ನಾಗಿತ್ತು!

ಒಂದು ಹಕ್ಕಿಯ ವಿಷಯದಲ್ಲಿ ಮಾತ್ರ ಯಾವ ಬುದ್ಧಿಯೂ ಕೆಲಸಕ್ಕೆ ಬರಲಿಲ್ಲ. ಹಾಲು ಬಿಳುಪಿನ ಮೈ, ಕೆಂಪು ಮುಖದ ಸೈಬೀರಿಯಾದ ಕ್ರೌಂಚ ಅಫ್ಘಾನಿಸ್ತಾನದ ಮೇಲೆ ಹಾರಿ ಪ್ರತಿ ಚಳಿಗಾಲ ಭರತಪುರಕ್ಕೆ ಬರುತ್ತಿತ್ತು. ದಾರಿಯುದ್ದಕ್ಕೂ ಬೇಟೆ, ಬತ್ತುತ್ತಿರುವ ಕೆರೆಗಳು, ಯುದ್ಧ. ವರ್ಷದಿಂದ ವರ್ಷಕ್ಕೆ ಸಂಖ್ಯೆ ಇಳಿದು ಕೊನೆಗೆ ಒಂದು ಜೋಡಿ ಉಳಿಯಿತು. 2002ರಲ್ಲಿ ಅವು ಹಾರಿಹೋದ ಮೇಲೆ ಮತ್ತೆ ಬಂದಿಲ್ಲ.

ಅದಾದ ಎರಡೇ ವರ್ಷಕ್ಕೆ ನೀರಿನ ಜಗಳ ಶುರುವಾಯಿತು. ಕರೌಲಿ ಜಿಲ್ಲೆಯಲ್ಲಿ ಗಂಭೀರ್ ನದಿಗೆ ಪಾಂಚನಾ ಅಣೆಕಟ್ಟು ಬಂದಿತ್ತು. 2004ರ ಬರಗಾಲದಲ್ಲಿ ಅಲ್ಲಿನ ರೈತರು, ನಮ್ಮ ಹೊಲ ಒಣಗುತ್ತಿರುವಾಗ ಹಕ್ಕಿಗಳಿಗೆ ನೀರು ಏಕೆ ಎಂದು ಕೇಳಿದರು. ಕಾವೇರಿಯ ವಿಷಯದಲ್ಲಿ ಇಂಥ ಪ್ರಶ್ನೆಗಳನ್ನು ಕೇಳುತ್ತಲೇ ಬೆಳೆದ ನಮಗೆ ಆ ಸಂಕಟ ಬೇಗ ಅರ್ಥವಾಗುತ್ತದೆ. ನೀರು ಬರಲಿಲ್ಲ. ಕೊಳಗಳು ಬಿರುಕು ಬಿಟ್ಟವು, ಗೂಡುಕಟ್ಟುವ ಮರಗಳು ಖಾಲಿಯಾದವು. ಮುಂದೆ ಗೋವರ್ಧನ ನಾಲೆಯಿಂದ ಪೈಪಿನ ಮೂಲಕ ನೀರು ತರುವ ಯೋಜನೆ ಬಂತು, ಚಂಬಲ್ ನೀರೂ ಸಿಗತೊಡಗಿತು. ಆದರೂ ಮೀನಿನ ಮರಿಗಳನ್ನು ಹೊತ್ತು ತರುವ ನದಿಯ ನೀರಿಗೆ ಪೈಪಿನ ನೀರು ಪೂರ್ತಿ ಸಾಟಿಯಲ್ಲ. ಮೀನಿಲ್ಲದ ಕಡೆ ಕೊಕ್ಕರೆ ಸಂಸಾರ ಹೂಡುವುದಿಲ್ಲ.

ರೈತನ ಒಡ್ಡು, ರಾಜನ ಬೇಟೆ, ಸರ್ಕಾರದ ಗೇಟು, ಮೇಲಿನ ಊರಿನ ಅಣೆಕಟ್ಟು – ಮುನ್ನೂರು ವರ್ಷಗಳ ಈ ಕಥೆಯಲ್ಲಿ ನೀರು ಯಾರಿಗೆ ಎಂಬುದನ್ನು ಪ್ರತಿಸಲವೂ ಮನುಷ್ಯರೇ ತೀರ್ಮಾನಿಸಿದ್ದಾರೆ. ಹಾಗೆಂದ ಮೇಲೆ ಅದನ್ನು ಇನ್ನಷ್ಟು ನ್ಯಾಯವಾಗಿ ತೀರ್ಮಾನಿಸುವುದೂ ನಮ್ಮ ಕೈಯಲ್ಲೇ ಇದೆ. ಹಕ್ಕಿಯ ಪಾಲನ್ನೂ ಹುಲ್ಲು ಹೊರುವವಳ ಪಾಲನ್ನೂ ಒಟ್ಟಿಗೆ ಕೂತು ಲೆಕ್ಕ ಹಾಕಿದ ಕಡೆ ಕೇವಲಾದೇವ ಚೇತರಿಸಿಕೊಂಡಿದೆ. ಒಬ್ಬರನ್ನು ಹೊರಗಿಟ್ಟಾಗ ಇಬ್ಬರೂ ಸೋತಿದ್ದಾರೆ.

ಈ ಶರದೃತುವಿನಲ್ಲಿ ಹೊರಡುವ ಗೆಳತಿಯರಿಗೆ ಕೊನೆಯದಾಗಿ ಕೆಲವು ಸಲಹೆಗಳು. ಬೆಳಗಿನ ಜಾವವೇ ಗೇಟಿನಲ್ಲಿರಿ. ಒಳಗೆ ಸೈಕಲ್ ರಿಕ್ಷಾ ಹಿಡಿಯಿರಿ, ಅದನ್ನು ತುಳಿಯುವವರಿಗೆ ಹಕ್ಕಿಗಳ ಹೆಸರಷ್ಟೇ ಅಲ್ಲ, ಯಾವ ಮರದಲ್ಲಿ ಯಾರ ಗೂಡಿದೆ ಎಂಬುದೂ ಗೊತ್ತು. ದೇವಾಲಯದ ಬಳಿಯ ಬೇಟೆಯ ಫಲಕವನ್ನು ಮಕ್ಕಳಿಗೆ ಓದಿ ಹೇಳಿ. ಹೊರಡುವ ಮೊದಲು ಫೋನಿನಲ್ಲಿ ಯಾವ ಹಕ್ಕಿ ಬಂದಿದೆ ಎಂದು ಕೇಳುವ ಮುಂಚೆ, ಈ ವರ್ಷ ನೀರು ಎಷ್ಟು ಬಂದಿದೆ, ಎಲ್ಲಿಂದ ಬಂದಿದೆ ಎಂದು ವಿಚಾರಿಸಿ.