ಹಳೆಯ ಬೇಟೆ ರೈಫಲ್‌ಗೆ ಹೊಸ ನಳಿಕೆ: ಲೇತ್ ಇದ್ದರಷ್ಟೇ ಸಾಲದು

ಬೈಲಹೊಂಗಲ: ಕಿತ್ತೂರು, ಬೈಲಹೊಂಗಲ, ಸವದತ್ತಿ ಹಾಗೂ ರಾಮದುರ್ಗ ಸೀಮೆಗೆ ಬಂದೂಕು ಹೊಸದಲ್ಲ. ಹಿರಿಯರ ಕಾಲದ ಬೇಟೆ ರೈಫಲ್ ಉಳಿಸಿಕೊಂಡಿರುವ ಕುಟುಂಬಕ್ಕೆ ಅದು ಆಸ್ತಿಯೂ ಹೌದು, ಹೊಣೆಯೂ ಹೌದು. ಮರದ ಹಿಡಿ ಗಟ್ಟಿಯಾಗಿದ್ದು, ಬೋಲ್ಟ್ ಸಲೀಸಾಗಿ ಸರಿಯುತ್ತಿದ್ದರೂ ಹಾರಿಸಿದ ಗುಂಡು ಗುರಿ ತಲುಪುವುದಿಲ್ಲ ಎಂಬುದು ಇಂತಹ ರೈಫಲ್‌ಗಳ ಸಾಮಾನ್ಯ ದೂರು. ದೋಷ ಬಹುತೇಕ ನಳಿಕೆಯಲ್ಲಿರುತ್ತದೆ. ಅದನ್ನು ಬದಲಾಯಿಸಿದರೆ ರೈಫಲ್ ಮತ್ತೆ ಜೀವ ಪಡೆಯುತ್ತದೆ. ಆದರೆ ತಪ್ಪು ಕೈಯಲ್ಲಿ ಬದಲಾಯಿಸಿದರೆ ಹಾರಿಸಿದವನ ಜೀವಕ್ಕೇ ಸಂಚಕಾರ ಬಂದೀತು. ಪರವಾನಗಿಯಿಲ್ಲದ ಕೈಯಲ್ಲಿ ಬದಲಾಯಿಸಿದರೆ ಕಾರಾಗೃಹವಾಸವೂ ಆದೀತು.

ಸೀಮೆಯ ನೆನಪು

1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಎದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ. ಅಮಟೂರು ಬಾಳಪ್ಪನ ಗುಂಡಿಗೆ ಆತ ಬಲಿಯಾದನೆಂದು ಈ ಭಾಗದ ಜನ ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಆ ಕಾಲದ ಬಂದೂಕುಗಳ ನಳಿಕೆ ಸಾಮಾನ್ಯವಾಗಿ ಒಳಗೆ ನುಣುಪಾಗಿರುತ್ತಿತ್ತು. ನೂರು ಗಜದಾಚೆ ಒಬ್ಬನೇ ವ್ಯಕ್ತಿಯನ್ನು ಗುರಿಯಿಟ್ಟು ಹೊಡೆಯುವುದು ಅಂತಹ ಬಂದೂಕಿನಿಂದ ಕಷ್ಟಸಾಧ್ಯವಾಗಿತ್ತು.

1857ರಲ್ಲಿ ಕಂಪನಿ ಸರಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಆಯುಧ ಒಪ್ಪಿಸಲು ನಿರಾಕರಿಸಿ ಹಲಗಲಿಯ ಬೇಡರು ಅದೇ ವರ್ಷದ ನವೆಂಬರಿನಲ್ಲಿ ಬಂಡೆದ್ದರು. ಮರುವರ್ಷದ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬರ ಪಡೆ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ರಾಮದುರ್ಗದ ಬಳಿಯ ಸುರೇಬಾನದಲ್ಲಿ ಕೊಂದಿತು. ಮುಂದೆ 1878ರ ಶಸ್ತ್ರಾಸ್ತ್ರ ಕಾಯ್ದೆ ಪರವಾನಗಿ ಪದ್ಧತಿಯನ್ನು ದೇಶದಾದ್ಯಂತ ಬಿಗಿಗೊಳಿಸಿತು. ಅದರ ಸ್ಥಾನದಲ್ಲಿ ಬಂದ 1959ರ ಕಾಯ್ದೆ 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ.

.315 ಬೋರ್ ಏಕೆ?

ಭಾರತದಲ್ಲಿ ಪರವಾನಗಿಯ ಮೇಲೆ ದೊರೆಯುವ ಬೇಟೆ ರೈಫಲ್‌ಗಳಲ್ಲಿ .315 ಬೋರ್ ಚಿರಪರಿಚಿತ. ಬ್ರಿಟಿಷ್ ಆಡಳಿತದಲ್ಲಿ ಸೇನೆ ಬಳಸುತ್ತಿದ್ದ .303 ತೋಟಾ ಖಾಸಗಿಯವರ ಕೈ ಸೇರಬಾರದೆಂಬ ನಿರ್ಬಂಧವಿತ್ತು. ಆದ್ದರಿಂದ ತಯಾರಕರು ಅದೇ ಲೀ-ಎನ್‌ಫೀಲ್ಡ್ ಮಾದರಿಯ ಯಂತ್ರಭಾಗಕ್ಕೆ 8 ಮಿ.ಮೀ. ನಳಿಕೆ ಜೋಡಿಸಿ ಮಾರಾಟ ಮಾಡಿದರು. ಸ್ವಾತಂತ್ರ್ಯಾನಂತರ ಇಛಾಪುರ ರೈಫಲ್ ಕಾರ್ಖಾನೆ ಇದೇ ಪರಂಪರೆಯನ್ನು ಮುಂದುವರಿಸಿತು. 2021ರ ಅಕ್ಟೋಬರ್ 1ರಂದು ಆಯುಧ ಕಾರ್ಖಾನೆಗಳ ಮಂಡಳಿಯನ್ನು ವಿಸರ್ಜಿಸಿ ಏಳು ಸರಕಾರಿ ಕಂಪನಿಗಳನ್ನು ರಚಿಸಲಾಯಿತು. ಈಗ ಇಛಾಪುರ ಕಾರ್ಖಾನೆ ಕಾನಪುರ ಮೂಲದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಕಂಪನಿಯ ಅಧೀನದಲ್ಲಿದೆ.

ನಳಿಕೆ ಕೆಡುವ ಬಗೆ

ರೈಫಲ್ ನಳಿಕೆಯ ಒಳಗೋಡೆಯಲ್ಲಿ ಸುರುಳಿಯಾಕಾರದ ಗೀರುಗಳಿರುತ್ತವೆ. ಗುಂಡು ಇವುಗಳನ್ನು ಕಚ್ಚಿಕೊಂಡು ಬುಗುರಿಯಂತೆ ತಿರುಗುತ್ತ ಹೊರಬೀಳುತ್ತದೆ. ಆ ತಿರುಗುವಿಕೆಯೇ ಅದನ್ನು ನೇರ ಹಾದಿಯಲ್ಲಿಡುತ್ತದೆ. ಗೀರುಗಳು ಮೂರು ಕಾರಣಗಳಿಂದ ಹಾಳಾಗುತ್ತವೆ. ತೋಟಾ ಕೋಣೆಯ ಮುಂದಿನ ಕಂಠಭಾಗವನ್ನು ಪ್ರತಿ ಹೊಡೆತದ ಬಿಸಿ ಅನಿಲ ಸವೆಸುತ್ತದೆ. ಶುಚಿಗೊಳಿಸುವ ಸಲಾಕೆಯನ್ನು ಅಡ್ಡಾದಿಡ್ಡಿಯಾಗಿ ಎಳೆದಾಡಿದರೆ ತುದಿಬಾಯಿ ಸವೆಯುತ್ತದೆ. ಮೂರನೆಯದು ತುಕ್ಕು. ಹಳೆಯ ತೋಟಾಗಳ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವ ಲವಣ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ಕೆಲವೇ ದಿನ ಶುಚಿಗೊಳಿಸದೆ ಬಿಟ್ಟರೂ ಒಳಗೋಡೆಯಲ್ಲಿ ಕುಳಿ ಬೀಳುತ್ತದೆ.

ಕಾಗದದ ಗುರಿಯ ಮೇಲೆ ದುಂಡಗಿನ ತೂತಿನ ಬದಲು ಉದ್ದನೆಯ, ಕೀಲಿರಂಧ್ರದಂತಹ ತೂತು ಮೂಡಿದರೆ ಗುಂಡು ಅಡ್ಡಲಾಗಿ ಹೊರಳಿದೆ ಎಂದರ್ಥ. ನಳಿಕೆಯ ಆಯುಸ್ಸು ಮುಗಿದಿರುವುದಕ್ಕೆ ಇದೊಂದು ಸ್ಪಷ್ಟ ಸೂಚನೆ.

ಬದಲಾವಣೆಯ ಸೂಕ್ಷ್ಮ

ಹಳೆಯ ನಳಿಕೆಯನ್ನು ತಿರುಚಿ ಬಿಚ್ಚಿ ಹೊಸದನ್ನು ಕೂರಿಸುವುದು ನೋಡಲು ಸರಳ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಇದಕ್ಕಿಂತ ಸೂಕ್ಷ್ಮವಾದ ಲೇತ್ ಕೆಲಸ ಮಾಡಬಲ್ಲ ಕುಶಲಕರ್ಮಿಗಳಿಗೆ ಕೊರತೆಯಿಲ್ಲ. ಆದರೆ ಕೈಚಳಕ ಬೇರೆ, ಬಂದೂಕಿನ ವಿದ್ಯೆ ಬೇರೆ. ಹೊಸ ನಳಿಕೆ ಕುಳಿತಾಗ ಗುರಿಗೂಟ ನೆಟ್ಟಗೆ ಮೇಲ್ಭಾಗಕ್ಕೇ ಬರಬೇಕು. ಅದಕ್ಕಿಂತ ಮುಖ್ಯವಾದುದು ‘ಹೆಡ್‌ಸ್ಪೇಸ್’, ಅಂದರೆ ಮುಚ್ಚಿದ ಬೋಲ್ಟಿಗೂ ತೋಟಾ ಆತು ನಿಲ್ಲುವ ಜಾಗಕ್ಕೂ ನಡುವಿನ ಅಂತರ. .315 ತೋಟಾದ ಬುಡದಲ್ಲಿ ಅಂಚು ಇರುವುದರಿಂದ ಆ ಅಂಚಿನ ದಪ್ಪಕ್ಕೆ ತಕ್ಕಂತೆ ಈ ಅಂತರ ನಿರ್ಧಾರವಾಗುತ್ತದೆ.

ಅಂತರ ಕಡಿಮೆಯಾದರೆ ಬೋಲ್ಟ್ ಮುಚ್ಚುವುದೇ ಇಲ್ಲ. ಹೆಚ್ಚಾದರೆ ಹೊಡೆತದ ಒತ್ತಡಕ್ಕೆ ಹಿತ್ತಾಳೆಯ ಕವಚ ಹರಿದು ಬಿಸಿ ಅನಿಲ ಹಿಂದಕ್ಕೆ, ಹಾರಿಸುವವನ ಮುಖದತ್ತ ನುಗ್ಗಬಹುದು. ಆದ್ದರಿಂದ ಎರಡು ಅಳತೆ ಗೇಜುಗಳಿಂದ ಪರೀಕ್ಷೆ ನಡೆಯುತ್ತದೆ. ಒಂದರ ಮೇಲೆ ಬೋಲ್ಟ್ ಮುಚ್ಚಬೇಕು, ಇನ್ನೊಂದರ ಮೇಲೆ ಮುಚ್ಚಬಾರದು. ಲೀ-ಎನ್‌ಫೀಲ್ಡ್ ಮಾದರಿಯಲ್ಲಿ ಬೋಲ್ಟಿನ ತಲೆ ಪ್ರತ್ಯೇಕ ಭಾಗವಾಗಿರುವುದರಿಂದ ಅದನ್ನು ಬದಲಿಸಿ ಅಂತರ ಸರಿಪಡಿಸಲು ಅವಕಾಶವಿದೆ. ಬಳಿಕ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ ‘ಪ್ರೂಫ್’ ಪರೀಕ್ಷೆ ನಡೆಸಿ, ನಳಿಕೆಯ ಮೇಲೆ ಮುದ್ರೆ ಒತ್ತಲಾಗುತ್ತದೆ. ಪ್ರೂಫ್ ಮುದ್ರೆಯಿಲ್ಲದ ನಳಿಕೆಯನ್ನು ನಂಬುವಂತಿಲ್ಲ.

ನಿಖರತೆಯ ಪರೀಕ್ಷೆ

ಹೊಸ ನಳಿಕೆ ಹಾಕಿದ ಮಾತ್ರಕ್ಕೆ ರೈಫಲ್ ನಿಖರವಾಯಿತೆಂದು ಭಾವಿಸಬಾರದು. ಪರೀಕ್ಷೆ ನಡೆಯಬೇಕಾದ್ದು ಅನುಮತಿ ಪಡೆದ ಗುಂಡು ತರಬೇತಿ ಮೈದಾನದಲ್ಲಿ, ಹೊಲದ ಬದುವಿನ ಮೇಲಲ್ಲ. ರೈಫಲನ್ನು ಮೇಜಿನ ಮೇಲೆ ಮರಳುಚೀಲಗಳಿಗೆ ಆನಿಸಿ, 100 ಮೀಟರ್ ದೂರದ ಕಾಗದದ ಗುರಿಗೆ ಒಂದೇ ತಯಾರಿಕಾ ತಂಡದ ಐದು ತೋಟಾ ಹಾರಿಸಬೇಕು. ಹೊಡೆತಗಳ ನಡುವೆ ನಳಿಕೆ ತಣಿಯಲು ಬಿಡಬೇಕು. ಅತಿ ದೂರದ ಎರಡು ತೂತುಗಳ ಕೇಂದ್ರಗಳ ನಡುವಿನ ಅಂತರವೇ ಆ ಗುಂಪಿನ ಅಳತೆ.

ಈ ಅಳತೆಯನ್ನು ‘ಮಿನಿಟ್’ ಎಂಬ ಕೋನಮಾನದಲ್ಲಿ ಹೇಳುವುದು ರೂಢಿ. ಒಂದು ಡಿಗ್ರಿಯ 60ನೇ ಒಂದು ಭಾಗವೇ ಒಂದು ಮಿನಿಟ್. 100 ಮೀಟರ್ ದೂರದಲ್ಲಿ ಅದು ಸುಮಾರು 29 ಮಿ.ಮೀ. ಆಗುತ್ತದೆ. ಸಾದಾ ಗುರಿಗೂಟದ ಹಳೆಯ ಮಾದರಿಯ ರೈಫಲ್ 3 ಮಿನಿಟ್, ಅಂದರೆ 87 ಮಿ.ಮೀ. ಒಳಗೆ ಐದೂ ಗುಂಡು ಕೂರಿಸಿದರೆ ತೃಪ್ತಿಪಡಬಹುದು. 200 ಮೀಟರಿನಲ್ಲಿ ಅದೇ ಚದುರುವಿಕೆ 174 ಮಿ.ಮೀ. ಆಗುತ್ತದೆ.

ಮೂರು ಗುಂಡುಗಳ ಒಂದು ಸಣ್ಣ ಗುಂಪು ಅದೃಷ್ಟದಿಂದಲೂ ಬಂದೀತು. ಐದರಂತೆ ಕನಿಷ್ಠ ಮೂರು ಗುಂಪು ಹಾರಿಸಿ ಸರಾಸರಿ ತೆಗೆದರೆ ಮಾತ್ರ ಸತ್ಯ ತಿಳಿಯುತ್ತದೆ. ಗುಂಪು ಬಿಗಿಯಾಗಿದ್ದು ಗುರಿಯಿಂದ ಪಕ್ಕಕ್ಕೆ ಬಿದ್ದಿದ್ದರೆ ಗುರಿಗೂಟ ಸರಿಪಡಿಸಿದರೆ ಸಾಕು. ಗುಂಪೇ ಚದುರಿದ್ದರೆ ದೋಷ ನಳಿಕೆ, ಜೋಡಣೆ, ತೋಟಾ ಅಥವಾ ಮರದ ಹಿಡಿಯಲ್ಲಿ ಅಡಗಿರುತ್ತದೆ.

ಕಾನೂನು ಏನನ್ನುತ್ತದೆ?

1959ರ ಕಾಯ್ದೆಯ ಪ್ರಕಾರ ಬಿಡಿಭಾಗವೂ ‘ಶಸ್ತ್ರ’ವೇ. ಎಂದರೆ ಬಿಚ್ಚಿಟ್ಟ ಹಳೆಯ ನಳಿಕೆಯೂ ಗುಜರಿ ಕಬ್ಬಿಣವಲ್ಲ. ಕಲಂ 5ರನ್ವಯ ಪರವಾನಗಿಯಿಲ್ಲದೆ ಬಂದೂಕು ತಯಾರಿಕೆ, ಪರಿವರ್ತನೆ, ದುರಸ್ತಿ ಹಾಗೂ ಪರೀಕ್ಷೆ ನಿಷಿದ್ಧ. ಬಂದೂಕು ಹೊಂದುವ ಪರವಾನಗಿ ದುರಸ್ತಿಗೆ ಅನ್ವಯಿಸುವುದಿಲ್ಲ. 2019ರ ತಿದ್ದುಪಡಿಯ ನಂತರ ಕಲಂ 5ರ ಉಲ್ಲಂಘನೆಗೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ಗುರುತು ಸಂಖ್ಯೆಯನ್ನು ಅಳಿಸುವುದು, ತಿದ್ದುವುದು ಕಲಂ 8ರಡಿ ನಿಷಿದ್ಧ.

ಅದೇ ತಿದ್ದುಪಡಿ ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿ, ಪರವಾನಗಿ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಪಿತ್ರಾರ್ಜಿತ ಬಂದೂಕಿಗೂ ಈ ಮಿತಿ ಅನ್ವಯಿಸುತ್ತದೆ. ಪರವಾನಗಿದಾರ ತೀರಿಕೊಂಡರೆ ವಾರಸುದಾರರು ಬಂದೂಕನ್ನು ಪೊಲೀಸ್ ಠಾಣೆ ಅಥವಾ ಅಧಿಕೃತ ಮಾರಾಟಗಾರರಲ್ಲಿ ಠೇವಣಿಯಿಟ್ಟು ತಮ್ಮ ಹೆಸರಿಗೆ ಪರವಾನಗಿ ಕೋರಬೇಕು.

ಇಷ್ಟೆಲ್ಲ ಆದ ಮೇಲೂ ಬೇಟೆಗೆ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರ 1991ರ ತಿದ್ದುಪಡಿಗಳ ಬಳಿಕ ‘ಬೇಟೆ ರೈಫಲ್’ ಹೆಸರಿಗಷ್ಟೇ ಬೇಟೆಯದು. ಮದುವೆ, ಮೆರವಣಿಗೆಗಳಲ್ಲಿ ಇತರರ ಸುರಕ್ಷತೆಗೆ ಧಕ್ಕೆಯಾಗುವಂತೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಮಾಲೀಕರು ಗಮನಿಸಬೇಕಾದುದು

* ಮೊದಲು ಪರವಾನಗಿಯ ಅವಧಿ ಹಾಗೂ ರೈಫಲ್ ಮೇಲಿನ ಸಂಖ್ಯೆ ತಾಳೆಯಾಗುವುದೇ ನೋಡಿ.
* ನಳಿಕೆ ಬದಲಾವಣೆಗೆ ಮುನ್ನ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ಪರವಾನಗಿ ವಿಭಾಗವನ್ನು ಲಿಖಿತವಾಗಿ ಸಂಪರ್ಕಿಸಿ.
* ದುರಸ್ತಿ ಪರವಾನಗಿ ಹೊಂದಿದವರಿಗೆ ಮಾತ್ರ ರೈಫಲ್ ಒಪ್ಪಿಸಿ, ರಸೀದಿ ಪಡೆಯಿರಿ.
* ಪ್ರೂಫ್ ಮುದ್ರೆ ನೋಡದೆ ಹೊಸ ನಳಿಕೆಯಲ್ಲಿ ಗುಂಡು ಹಾರಿಸಬೇಡಿ.
* ಹಳೆಯ ನಳಿಕೆಯ ವಿಲೇವಾರಿಗೂ ದಾಖಲೆ ಇರಲಿ.

ಹಾರಿಸುವ ಉದ್ದೇಶವೇ ಇಲ್ಲದವರಿಗೆ ಇನ್ನೊಂದು ದಾರಿಯಿದೆ. ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ, ಪುರಾತನ ಮೌಲ್ಯದ ಆಯುಧಗಳಿಗೆ ಕಾಯ್ದೆಯ ಕಲಂ 45 ವಿನಾಯಿತಿ ನೀಡುತ್ತದೆ. ಹೊಸ ನಳಿಕೆ ಹಾಕಿದ ರೈಫಲ್‌ಗೆ ಆ ವಿನಾಯಿತಿ ಸಿಗುವುದಿಲ್ಲ. ಹಿರಿಯರ ರೈಫಲ್ ಸ್ಮಾರಕವಾಗಿ ಉಳಿಯಬೇಕೋ, ಆಯುಧವಾಗಿ ಉಳಿಯಬೇಕೋ ಎಂಬುದನ್ನು ನಳಿಕೆ ಬಿಚ್ಚುವ ಮೊದಲೇ ತೀರ್ಮಾನಿಸುವುದು ಲೇಸು.