ತಲೆ ಮೇಲಿನ ಚೆಂಡಿನ ತಡೆ (ಹರ್ಲಿಂಗ್)

ಐರ್ಲೆಂಡಿನ ಹರ್ಲಿಂಗ್ ಆಟದಲ್ಲಿ ತಲೆಗಿಂತ ಎತ್ತರದಲ್ಲಿ ಹಾರಿ ಬರುವ ಚೆಂಡಿಗೆ ಕೋಲಿನ ಅಗಲವಾದ ತುದಿಯನ್ನು ಒಡ್ಡಿ, ಅದರ ವೇಗವನ್ನು ಅಲ್ಲೇ ತಗ್ಗಿಸಿ, ಕಾಲಬುಡಕ್ಕೋ ಕೈಗೋ ಬೀಳಿಸಿಕೊಳ್ಳುವ ಕೌಶಲ. ಎದುರಾಳಿ ಚೆಂಡು ಹೊಡೆಯುವ ಕ್ಷಣದಲ್ಲಿ ಅವನ ಕೋಲಿಗೆ ಅಡ್ಡ ಹೋಗುವುದನ್ನೂ ‘ಬ್ಲಾಕ್’ ಎಂದೇ ಕರೆಯುತ್ತಾರೆ. ಅದರ ಕಾಲ್ಚಳಕ, ಕೈಹಿಡಿತ ಎರಡೂ ಬೇರೆ. ಇಲ್ಲಿ ಹೇಳುತ್ತಿರುವುದು ಆಕಾಶದಿಂದ ಇಳಿಯುವ ಚೆಂಡಿನ ವಿಷಯ ಮಾತ್ರ.

ಹರ್ಲಿಂಗ್ ತಂಡದಲ್ಲಿ 15 ಮಂದಿ ಇರುತ್ತಾರೆ. ಮೈದಾನದ ಉದ್ದ 130ರಿಂದ 145 ಮೀಟರ್. 1884ರಲ್ಲಿ ಟಿಪ್ಪರರಿ ಕೌಂಟಿಯ ಥರ್ಲ್ಸ್ ಊರಿನಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಈ ಆಟವನ್ನು ನಡೆಸುತ್ತದೆ. ಮಹಿಳೆಯರು ಆಡುವ ರೂಪಕ್ಕೆ ಕಮೋಗಿ ಎಂದು ಹೆಸರು. ತಡೆಯ ಪಾಠ ಎರಡರಲ್ಲೂ ಒಂದೇ. ಚೆಂಡಿಗೆ ಸ್ಲಿಟರ್ ಎನ್ನುತ್ತಾರೆ. ಒಳಗೆ ಬೆಂಡು, ಮೇಲೆ ಎರಡು ತುಂಡು ಚರ್ಮ, ಹೊಲಿಗೆಯ ಜಾಗದಲ್ಲಿ ಎದ್ದು ನಿಂತ ಏಣು. ತೂಕ 110ರಿಂದ 120 ಗ್ರಾಂ, ಅಂದರೆ ಕ್ರಿಕೆಟ್ ಚೆಂಡಿಗಿಂತ ಹಗುರ. ಆದರೂ ಬಲವಾಗಿ ಬೀಸಿದರೆ 80 ಮೀಟರ್ ದಾಟಿ ಹೋಗುತ್ತದೆ. ಏಣು ಕೋಲಿಗೆ ಎಲ್ಲಿ ತಾಗುತ್ತದೋ ಅದರ ಮೇಲೆ ಚೆಂಡಿನ ಪುಟಿತ ನಿಂತಿರುವುದರಿಂದ, ಕೈಗೆ ಬಂದೇಬಿಟ್ಟಿತು ಅನ್ನುವ ಚೆಂಡೂ ಅಡ್ಡ ಹಾರಬಹುದು.

ಕೋಲಿಗೆ ಇಂಗ್ಲಿಷಿನಲ್ಲಿ ಹರ್ಲಿ, ಐರಿಶ್ ಭಾಷೆಯಲ್ಲಿ ಕಮಾನ್. ನಮ್ಮ ಕಮಾನಿಗೂ ಅದಕ್ಕೂ ನಂಟೇನೂ ಇಲ್ಲ; ಎರಡರ ಅರ್ಥದಲ್ಲೂ ಒಂದು ಬಾಗು ಇರುವುದು ಕಾಕತಾಳೀಯ. ಆ್ಯಶ್ ಮರದ ಬುಡದಲ್ಲಿ, ಕಾಂಡ ಬೇರಿನ ಕಡೆಗೆ ತಿರುಗುವ ಜಾಗದಿಂದ ಹಲಗೆ ಸೀಳುತ್ತಾರೆ. ಮರದ ಎಳೆಯೇ ಕೋಲಿನ ಬಾಗನ್ನು ಹಿಂಬಾಲಿಸಬೇಕು. ಆ್ಯಶ್ ಮರಗಳನ್ನು ಒಣಗಿಸುವ ಶಿಲೀಂಧ್ರ ರೋಗ 2012ರಲ್ಲಿ ಐರ್ಲೆಂಡಿನಲ್ಲಿ ಕಾಣಿಸಿಕೊಂಡ ಮೇಲೆ ಬಿದಿರಿನ ಕೋಲುಗಳೂ ಬಳಕೆಗೆ ಬಂದಿವೆ. ಕೋಲಿನ ಅಗಲ ತುದಿಗೆ ಬಾಸ್ ಎಂದು ಹೆಸರು. ಐರಿಶ್‌ನಲ್ಲಿ ಆ ಪದಕ್ಕೆ ಅಂಗೈ ಎಂದರ್ಥ. ಈ ತಡೆಯನ್ನು ಕಲಿಸುವವನಿಗೆ ಬೇಕಾದ ಪಾಠದ ಮುಕ್ಕಾಲು ಭಾಗ ಆ ಹೆಸರಿನಲ್ಲೇ ಇದೆ.

ಗೋಲ್‌ಕೀಪರ್ ಚೆಂಡನ್ನು ಮೈದಾನದ ನಡುವಿಗೆ ಉದ್ದಕ್ಕೆ ಹೊಡೆದಾಗ, ಇಳಿಯುವ ಚೆಂಡಿನ ಕೆಳಗೆ ಇಬ್ಬರು ಮೂವರು ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ಆಗ ಇರುವ ದಾರಿ ಮೂರು: ಬರಿಗೈಯಲ್ಲಿ ಹಿಡಿಯುವುದು, ಗಾಳಿಯಲ್ಲೇ ಬೀಸಿ ಮುಂದಕ್ಕೆ ಕಳಿಸುವುದು, ಇಲ್ಲವೇ ತಡೆದು ಕೆಳಗಿಳಿಸುವುದು. ಕೈಯಲ್ಲಿ ಹಿಡಿದವನಿಗೆ ಜನರ ಚಪ್ಪಾಳೆ, ಆದರೆ ಅವನ ಬೆರಳುಗಳು ಎದುರಾಳಿಯ ಕೋಲಿಗೆ ಸಿಗುವ ದೂರದಲ್ಲಿರುತ್ತವೆ. ಬೀಸಿದವನ ಚೆಂಡು ಯಾರ ಪಾಲಾಗುತ್ತದೋ ಹೇಳಲಾಗದು. ಮಳೆಗೆ ನೆನೆದು ಚೆಂಡು ಜಾರುವ ದಿನ, ಅಥವಾ ಕೈ ಎಟುಕದಷ್ಟು ಎತ್ತರದಲ್ಲಿ ಚೆಂಡು ಬಂದಾಗ, ತಡೆಯೇ ಹೆಚ್ಚು ಭರವಸೆಯ ದಾರಿ. ತೋಳಿನ ಉದ್ದಕ್ಕೆ ಕೋಲಿನ ಉದ್ದವೂ ಸೇರುತ್ತದಲ್ಲ.

ಬಲಗೈ ಆಟಗಾರನ ಬಲಗೈ ಕೋಲಿನ ಹಿಡಿಯ ತುದಿಯಲ್ಲಿ, ಎಡಗೈ ಅದರ ಕೆಳಗೆ. ಬಲಗೈ ಬ್ಯಾಟ್ಸ್‌ಮನ್ ಎಡಗೈಯನ್ನು ಮೇಲಿಟ್ಟು ಬ್ಯಾಟ್ ಹಿಡಿಯುವುದನ್ನು ನೋಡಿದ ನಮಗೆ ಇದು ತಿರುವುಮುರುವು ಅನ್ನಿಸುತ್ತದೆ. ಕಾರಣ ಸರಳ. ಹರ್ಲಿಂಗ್‌ನಲ್ಲಿ ಬಲವಾದ ಕೈ ಒಂಟಿಯಾಗಿಯೂ ಕೋಲನ್ನು ಆಳಬೇಕು, ಇನ್ನೊಂದು ಕೈ ಚೆಂಡು ಹಿಡಿಯಲು ಖಾಲಿ ಇರಬೇಕು. ಎತ್ತರ ಎಟುಕಬೇಕಾದಾಗ ಒಂಟಿ ಕೈಯ ತಡೆ. ಮಣಿಕಟ್ಟು ಇನ್ನೂ ಗಟ್ಟಿಯಾಗದ ಮಕ್ಕಳಿಗೆ ಎರಡು ಕೈಯ ತಡೆ. ಚೆಂಡಿನ ದಾರಿಗೆ ಬಂದು, ಒಂದು ಕಾಲು ಮುಂದಿಟ್ಟು, ಬಾಸ್‌ನ ಮುಖವನ್ನು ಚೆಂಡಿಗೆ ತೋರಿಸಿ, ಅದರ ಮೇಲಂಚನ್ನು ತುಸು ಮುಂದಕ್ಕೆ ಬಾಗಿಸಬೇಕು. ಆಮೇಲೆ ಮಾಡುವುದಕ್ಕಿಂತ ಬಿಡುವುದೇ ಹೆಚ್ಚು: ಚೆಂಡು ತಾಗುವ ಗಳಿಗೆಯಲ್ಲಿ ಮುಷ್ಟಿ ಸಡಿಲವಾಗಿ, ಕೋಲು ಚೆಂಡಿನೊಂದಿಗೆ ಒಂದಿಷ್ಟು ಹಿಂದೆ ಸರಿಯಬೇಕು. 2 ಸೆಂಟಿಮೀಟರಿನಲ್ಲಿ ನಿಲ್ಲುವ ಚೆಂಡು 20 ಸೆಂಟಿಮೀಟರಿನಲ್ಲಿ ನಿಂತರೆ ಅದರ ಮೇಲೆ ಬೀಳುವ ಸರಾಸರಿ ಬಲ ಹತ್ತನೇ ಒಂದಕ್ಕೆ ಇಳಿಯುತ್ತದೆ. ಎತ್ತರದ ಕ್ಯಾಚ್ ಹಿಡಿಯುವ ಫೀಲ್ಡರ್ ಕೈಯನ್ನು ಎದೆಯತ್ತ ಎಳೆದುಕೊಳ್ಳುವುದೂ ಇದೇ ಲೆಕ್ಕಕ್ಕೆ.

ತರಬೇತಿ ಶುರುವಾಗುವುದು ಕೋಲಿನ ಅಳತೆಯಿಂದ. ನೆಲಕ್ಕೂರಿದಾಗ ಸೊಂಟದ ಮೂಳೆಯವರೆಗೆ ಬರುವ ಕೋಲು ಸಾಕು ಎಂಬುದು ಹಳೆಯ ಅಂದಾಜು. ಅಣ್ಣನ ಕೋಲು ತಂಗಿಗೆ ಬಂದರೆ ಅವಳ ತಡೆ ಯಾವತ್ತೂ ತಡವಾಗುತ್ತದೆ. ಅದು ಕೌಶಲದ ಕೊರತೆಯಲ್ಲ, ತೂಕದ ಸಮಸ್ಯೆ. ಮೊದಲು ಕೋಲೇ ಇಲ್ಲದೆ, ಮೇಲಿಂದ ಬೀಳುವ ಚೆಂಡನ್ನು ತೆರೆದ ಅಂಗೈಯಿಂದ ತಗ್ಗಿಸುವ ಆಟ. ಬಳಿಕ ಕೋಲು ಮತ್ತು ಟೆನಿಸ್ ಚೆಂಡು ಅಥವಾ ಮಕ್ಕಳಿಗೆಂದೇ ಮಾಡಿದ ಮೆತ್ತನೆಯ ಸ್ಲಿಟರ್. ತರಬೇತುದಾರ 4–5 ಮೀಟರ್ ದೂರದಿಂದ, ಕೈಯನ್ನು ಕೆಳಗಿನಿಂದ ತೂಗಿ, ಒಂದೇ ಎತ್ತರಕ್ಕೆ ಚೆಂಡು ಎಸೆಯುತ್ತಾನೆ. ಕೋಲಿನಿಂದ ಹೊಡೆದು ಕೊಡುವ ಉತ್ಸಾಹ ಅನೇಕರಿಗಿರುತ್ತದೆ, ಆದರೆ ಹತ್ತು ಹೊಡೆತದಲ್ಲಿ ಹತ್ತೂ ಬೇರೆ ಬೇರೆ ಕಡೆ ಬಿದ್ದರೆ ಮಗು ಕಲಿಯುವುದು ಓಡುವುದನ್ನೇ.

ಈ ಹಂತದಲ್ಲಿ ಕಣ್ಣಿಗಿಂತ ಕಿವಿ ಚುರುಕು. ಒಂಬತ್ತು ವರ್ಷದ ಹುಡುಗಿಯೊಬ್ಬಳು ಕೋಲು ಎತ್ತಿ ನಿಂತಿದ್ದಾಳೆ ಎನ್ನಿ. ಮುಷ್ಟಿ ಬಿಗಿಯಾಗಿದ್ದರೆ ‘ಟಣ್’ ಎಂದು ಚೆಂಡು ಮೂರು ಮಾರು ಆಚೆ ಸಿಡಿಯುತ್ತದೆ. ಹಿಡಿತ ಸಡಿಲಿದಾಗ ಸದ್ದು ‘ದಬ್’ ಎಂದು ಮಂದವಾಗುತ್ತದೆ, ಚೆಂಡು ಅವಳ ಬೂಟಿನ ಮುಂದೆ ಉದುರುತ್ತದೆ. ನಾಲ್ಕಾರು ಸಲ ಆದ ಮೇಲೆ ಅವಳೇ ಸದ್ದು ಕೇಳಿ ತಿದ್ದಿಕೊಳ್ಳುತ್ತಾಳೆ. ಉದುರಿದ ಚೆಂಡನ್ನು ಎತ್ತಿಕೊಂಡು ಎರಡು ಹೆಜ್ಜೆ ಓಡುವವರೆಗೂ ಒಂದು ಸರದಿ ಮುಗಿಯಿತೆಂದು ಎಣಿಸಬಾರದು. ಪಂದ್ಯದಲ್ಲಿ ತಡೆಯಾದ ಚೆಂಡು ಕಳೆದುಹೋಗುವುದು ಆ ಅರ್ಧ ಸೆಕೆಂಡಿನಲ್ಲೇ.

ಸಾಮಾನ್ಯ ತಪ್ಪುಗಳಲ್ಲಿ ಮೊದಲನೆಯದು ಚೆಂಡಿನತ್ತ ಕೋಲು ಬೀಸುವುದು. ಕೋಲು ಕೈಗೆ ಸಿಕ್ಕರೆ ಬೀಸಬೇಕೆನ್ನಿಸುವುದು ಸಹಜವೇ. ಎರಡನೆಯದು ಕಣ್ಣು ಮುಚ್ಚುವುದು. ಇದಕ್ಕೆ ಬೈಗುಳ ಮದ್ದಲ್ಲ, ಮೆತ್ತನೆಯ ಚೆಂಡು ಮತ್ತು ಹೆಲ್ಮೆಟ್ ಮದ್ದು. ಮುಖಕವಚವಿರುವ ಹೆಲ್ಮೆಟ್ 2010ರಿಂದ ಎಲ್ಲ ವಯಸ್ಸಿನ ಹರ್ಲಿಂಗ್ ಆಟಗಾರರಿಗೂ ಕಡ್ಡಾಯ. ಮೂರನೆಯದು ಬಾಸ್‌ನ ಮೇಲಂಚು ಹಿಂದಕ್ಕೆ ವಾಲುವುದು; ಆಗ ಚೆಂಡು ತಲೆಯ ಹಿಂದಕ್ಕೆ ಜಾರಿ ಎದುರಾಳಿಗೆ ಉಡುಗೊರೆಯಾಗುತ್ತದೆ.

ಎದುರಾಳಿಯನ್ನು ತರುವುದು ಕೊನೆಗೆ. ಮೊದಲು ಪಕ್ಕದಲ್ಲಿ ಸುಮ್ಮನೆ ನಿಲ್ಲುವ ಜೊತೆಗಾರ, ನಂತರ ಭುಜ ಒತ್ತುವವನು, ಆಮೇಲೆ ನಿಜವಾದ ಪೈಪೋಟಿ. ಪಕ್ಕದಿಂದ ಭುಜಕ್ಕೆ ಭುಜ ಕೊಡುವುದು ನಿಯಮಬದ್ಧ. ಇಬ್ಬರೂ ಚೆಂಡನ್ನು ಆಡುವ ಯತ್ನದಲ್ಲಿ ಇಲ್ಲದಿರುವಾಗ ಎದುರಾಳಿಯ ಕೋಲಿಗೆ ಹೊಡೆದರೆ ಫೌಲ್. ಒಬ್ಬ ತಡೆದು ಚೆಂಡನ್ನು ಕೆಳಗೆ ಉದುರಿಸಿಕೊಡುವುದು, ಜೊತೆಗಾರರು ಉದುರುವ ಜಾಗಕ್ಕೆ ನುಗ್ಗುವುದು ಎಂಬ ಒಳಸಂಚು ದೊಡ್ಡವರ ತಂಡಗಳಲ್ಲಿ ಮಾಮೂಲು.

ಗೋಲಿನ ಬಾಯಲ್ಲಿ ಈ ಪಾಠ ತಲೆಕೆಳಗಾಗುತ್ತದೆ. ಅಡ್ಡಪಟ್ಟಿ ನೆಲದಿಂದ 2.5 ಮೀಟರ್ ಎತ್ತರದಲ್ಲಿದೆ. ಅದರ ಮೇಲಿಂದ ಹೋದ ಚೆಂಡಿಗೆ 1 ಅಂಕ, ಕೆಳಗಿನಿಂದ ಬಲೆಗೆ ಬಿದ್ದರೆ 3 ಅಂಕ. ಪಟ್ಟಿಯ ಮೇಲೆ ಹೋಗಲಿದ್ದ ಚೆಂಡನ್ನು ರಕ್ಷಕ ಎಗರಿ ಮೆತ್ತಗೆ ತಡೆದು ಎದುರಿಗೆ ಉದುರಿಸಿದನೋ, ಅಲ್ಲಿ ಕಾದಿರುವ ಎದುರಾಳಿಯ ಒಂದು ತಟ್ಟಿಗೆ ಉಳಿಸಿದ 1 ಅಂಕ 3 ಆಗಿ ಹೋಗುತ್ತದೆ. ಹಾಗಾಗಿ ಅಲ್ಲಿ ಮಾತ್ರ ಮುಷ್ಟಿ ಬಿಗಿಹಿಡಿದು ಚೆಂಡನ್ನು ಪಕ್ಕಕ್ಕೆ ಅಟ್ಟಲು ಕಲಿಸುತ್ತಾರೆ. ಚೆಂಡು ಗೋಲಿನ ಪಕ್ಕದಲ್ಲಿ ಮೈದಾನದ ಕೊನೆಯ ಗೆರೆ ದಾಟಿ ಹೊರಗೆ ಹೋದರೆ ಎದುರಾಳಿಗೆ 65 ಮೀಟರ್ ಗೆರೆಯಿಂದ ಒಂದು ಹೊಡೆತ ಸಿಗುತ್ತದೆ. ಅಷ್ಟು ಹೊತ್ತಿಗೆ ರಕ್ಷಕರೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತಿರುತ್ತಾರೆ.