ಕತ್ತಲ ಕೋಣೆಯಲ್ಲಿ ಕಂಡ ಲೋಕ



ಪವಿತ್ರ ನಾಡಿನ ಯಾತ್ರೆ ಮುಗಿಸಿ ಬಂದವರೊಬ್ಬರು ಧರ್ಮಕೇಂದ್ರದ ಸಭಾಂಗಣದಲ್ಲಿ ಚಿತ್ರಗಳನ್ನು ತೋರಿಸುತ್ತಾ ಮಾತನಾಡುವ ಸಂಜೆಯಲ್ಲಿ ತಾವೂ ಎಂದಾದರೂ ಕುಳಿತಿರಬಹುದು. ಕಿಟಕಿಗಳನ್ನು ಮುಚ್ಚುತ್ತಾರೆ, ದೀಪಗಳನ್ನು ಆರಿಸುತ್ತಾರೆ, ಮಕ್ಕಳು ಮುಂದಿನ ಚಾಪೆಗೆ ಸರಿದು ಕೂರುತ್ತಾರೆ. ಬಿಳಿಯ ಪರದೆಯ ಮೇಲೆ ಗಲಿಲೇಯ ಸರೋವರ ಮೂಡುತ್ತದೆ. ‘ಇಲ್ಲಿಯೇ ನಾವು ದೋಣಿ ಹತ್ತಿದೆವು’ ಎಂದು ಅವರು ಹೇಳಿದೊಡನೆ, ಅದುವರೆಗೆ ಶುಭಸಂದೇಶದ ಪುಟಗಳಲ್ಲಿ ಮಾತ್ರ ಇದ್ದ ನೀರು ನಮ್ಮ ನೆರೆಮನೆಯವರ ಕಾಲು ತೊಳೆದ ನೀರಾಗುತ್ತದೆ.

ಈ ಸರಳ ಸಂಜೆಗೆ ದೀರ್ಘವಾದ ಇತಿಹಾಸವಿದೆ. ಆ ಇತಿಹಾಸ ನಮ್ಮ ಮುಂದೆ ಒಂದು ಪ್ರಶ್ನೆಯನ್ನೂ ಇಡುತ್ತದೆ: ದೂರದ ನಾಡಿನ ಚಿತ್ರವನ್ನು ನೋಡಿ ಎದ್ದ ಮೇಲೆ, ನೋಡಿದವನ ಹೊಣೆ ಏನು?

ಹಾಲೆಂಡಿನ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1659ರ ವೇಳೆಗೆ ರೂಪಿಸಿದ ಸಾಧನಕ್ಕೆ ಮುಂದೆ ‘ಮ್ಯಾಜಿಕ್ ಲ್ಯಾಂಟರ್ನ್’ ಎಂದು ಹೆಸರಾಯಿತು. ಪೆಟ್ಟಿಗೆಯೊಳಗೆ ಒಂದು ದೀಪ, ಅದರ ಮುಂದೆ ಚಿತ್ರ ಬರೆದ ಗಾಜು, ಗಾಜಿನ ಮುಂದೆ ಮಸೂರ. ಅಂಗೈಯಗಲದ ಚಿತ್ರ ಗೋಡೆಯಗಲವಾಗಿ ಬೆಳಗುತ್ತಿತ್ತು. ಮೊದಮೊದಲು ಇದು ದೆವ್ವಭೂತಗಳನ್ನು ತೋರಿಸಿ ಜನರನ್ನು ಬೆರಗುಗೊಳಿಸುವ ಆಟವಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಬದಲಾವಣೆಗಳು ಇದನ್ನು ಗಂಭೀರವಾದ ಮಾಧ್ಯಮವನ್ನಾಗಿ ಮಾಡಿದವು. ಮೊದಲನೆಯದು ಬೆಳಕು: ಜಲಜನಕ, ಆಮ್ಲಜನಕಗಳ ಉರಿಯಲ್ಲಿ ಸುಣ್ಣದ ತುಂಡೊಂದನ್ನು ಕಾಯಿಸಿದಾಗ ಹೊಮ್ಮುವ ಪ್ರಖರ ಬೆಳಕಿನಲ್ಲಿ ದೊಡ್ಡ ಸಭೆಗೂ ಚಿತ್ರ ಸ್ಪಷ್ಟವಾಗಿ ಕಾಣತೊಡಗಿತು. ಎರಡನೆಯದು ಛಾಯಾಚಿತ್ರ: ಅಮೆರಿಕದ ಫಿಲಡೆಲ್ಫಿಯಾ ನಗರದ ಲ್ಯಾಂಗನ್‌ಹೈಮ್ ಸಹೋದರರು 1850ರ ಸುಮಾರಿಗೆ ಗಾಜಿನ ಮೇಲೆ ಛಾಯಾಚಿತ್ರಗಳನ್ನು ಮೂಡಿಸುವ ವಿಧಾನವನ್ನು ಬಳಕೆಗೆ ತಂದರು. ಅಂದಿನಿಂದ ಪರದೆಯ ಮೇಲೆ ಬಂದದ್ದು ಕಲ್ಪನೆಯ ಚಿತ್ರವಲ್ಲ, ನಿಜವಾದ ಊರು, ನಿಜವಾದ ಮುಖ.

ಆಗ ಹುಟ್ಟಿಕೊಂಡದ್ದೇ ಸಚಿತ್ರ ಪ್ರವಾಸ ಉಪನ್ಯಾಸ. ಅಮೆರಿಕದ ಜಾನ್ ಸ್ಟಾಡರ್ಡ್ 1879ರಿಂದ 1897ರವರೆಗೆ ನಗರದಿಂದ ನಗರಕ್ಕೆ ಸಂಚರಿಸಿ ಇಂತಹ ಉಪನ್ಯಾಸಗಳನ್ನು ನೀಡಿದರು. ಅವರ ಮಾತನ್ನು ಕೇಳಲು ಚಿಕಾಗೋ ನಗರದ ಹುಡುಗನೊಬ್ಬ ತನ್ನ ಅಜ್ಜಿಯ ಜೊತೆ ಹೋಗಿದ್ದನು. 1870ರಲ್ಲಿ ಹುಟ್ಟಿದ ಆ ಹುಡುಗನೇ ಬರ್ಟನ್ ಹೋಮ್ಸ್. 1890ರಲ್ಲಿ ಅಜ್ಜಿಯೊಡನೆ ಯೂರೋಪಿಗೆ ಹೋದ ಅವರು, ಯೇಸುವಿನ ಪಾಡುಮರಣದ ನಾಟಕಕ್ಕೆ ಹೆಸರಾದ ಬವೇರಿಯಾದ ಒಬೆರಮೆರ್ಗೌ ಗ್ರಾಮದಲ್ಲಿ ಸ್ಟಾಡರ್ಡ್ ಅವರನ್ನು ಭೇಟಿಯಾದರು. ಊರಿಗೆ ಮರಳಿದ ಮೇಲೆ ತಾವು ಸದಸ್ಯರಾಗಿದ್ದ ಛಾಯಾಗ್ರಾಹಕರ ಕ್ಲಬ್ಬಿನಲ್ಲಿ, ತಾವೇ ತೆಗೆದ ಚಿತ್ರಗಳನ್ನು ತೋರಿಸಿ ಮಾತನಾಡಿದರು. ಕ್ಲಬ್ಬಿಗೆ ಒಂದಿಷ್ಟು ಹಣ ಕೂಡಿಸುವುದೇ ಆ ಸಂಜೆಯ ಉದ್ದೇಶವಾಗಿತ್ತು. ಆದರೆ ಆ ಪುಟ್ಟ ಆರಂಭವೇ ಅವರ ಜೀವನದ ವೃತ್ತಿಯಾಯಿತು. ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವರು ಸುಮಾರು 8,000 ಉಪನ್ಯಾಸಗಳನ್ನು ನೀಡಿದರು. ‘ಟ್ರಾವೆಲಾಗ್’ ಎಂಬ ಪದವನ್ನು 1904ರಲ್ಲಿ ಚಾಲ್ತಿಗೆ ತಂದವರೂ ಅವರೇ.

ಕೈಯಿಂದ ಬಣ್ಣ ತುಂಬಿದ ಅವರ ಗಾಜಿನ ಚಿತ್ರಗಳಲ್ಲಿ ಲೋಕ ಅತ್ಯಂತ ಸುಂದರವಾಗಿ ಕಾಣುತ್ತಿತ್ತು. ಕಷ್ಟಕಾರ್ಪಣ್ಯಗಳಿಗೆ ಅಲ್ಲಿ ಹೆಚ್ಚು ಸ್ಥಳವಿರಲಿಲ್ಲ. ಇದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಊರು ಬಿಟ್ಟು ಹೋಗಲಾರದ ಸಾವಿರಾರು ಜನರಿಗೆ, ಭೂಮಿ ವಿಶಾಲವೂ ರಮ್ಯವೂ ಆಗಿದೆಯೆಂದು ತಿಳಿಸುವುದೂ ಒಂದು ಸೇವೆಯೇ. ಆದರೆ ಅದೇ ಕಾಲದಲ್ಲಿ, ಅದೇ ದೀಪವನ್ನು ಬೇರೊಂದು ಕೈ ಹಿಡಿದಿತ್ತು.

ಹೋಮ್ಸ್ ಹುಟ್ಟಿದ 1870ರಲ್ಲಿಯೇ ಇಂಗ್ಲೆಂಡಿನಲ್ಲಿ ಆಲಿಸ್ ಸೀಲಿ ಹುಟ್ಟಿದರು. 1898ರಲ್ಲಿ ಜಾನ್ ಹ್ಯಾರಿಸ್ ಅವರನ್ನು ಮದುವೆಯಾಗಿ, ಕೆಲವೇ ದಿನಗಳಲ್ಲಿ ಪತಿಯೊಡನೆ ಮಿಷನರಿಯಾಗಿ ಆಫ್ರಿಕದ ಕಾಂಗೋಗೆ ಹಡಗು ಹತ್ತಿದರು. 1885ರಿಂದ ಆ ವಿಶಾಲ ನಾಡು ಬೆಲ್ಜಿಯಂ ದೇಶದ್ದಲ್ಲ, ಅದರ ದೊರೆ ಎರಡನೆಯ ಲಿಯೋಪೋಲ್ಡನ ಸ್ವಂತ ಆಸ್ತಿಯಂತಿತ್ತು. ಪ್ರತಿ ಹಳ್ಳಿಯೂ ಇಷ್ಟು ರಬ್ಬರ್ ತಂದು ಒಪ್ಪಿಸಬೇಕೆಂಬ ನಿಯಮ. ಕಡಿಮೆಯಾದರೆ ಚಾಟಿ, ಸೆರೆ, ಕೊಲೆ, ಅಂಗಚ್ಛೇದನ.

1904ರ ಮೇ 14ರಂದು ಬರಿಂಗಾ ಎಂಬಲ್ಲಿನ ಮಿಷನ್ ಮನೆಗೆ ಎನ್‌ಸಾಲ ಎಂಬ ತಂದೆಯೊಬ್ಬನು ಎಲೆಯಲ್ಲಿ ಸುತ್ತಿದ ಗಂಟೊಂದನ್ನು ಹಿಡಿದು ಬಂದನು. ಅದರಲ್ಲಿದ್ದದ್ದು ಅವನ ಪುಟ್ಟ ಮಗಳು ಬೋವಾಲಿಯ ಕೈ ಮತ್ತು ಪಾದ. ಹಳ್ಳಿಯವರು ಗೊತ್ತುಪಡಿಸಿದಷ್ಟು ರಬ್ಬರ್ ಕೊಡಲಿಲ್ಲವೆಂದು ಕಂಪನಿಯ ಕಾವಲುಗಾರರು ಆಕೆಯನ್ನು ಕೊಂದಿದ್ದರು. ಆಲಿಸ್ ಅವನನ್ನು ಜಗಲಿಯ ಮೇಲೆ ಕೂರಿಸಿ, ಅವನು ಮಗಳ ಆ ಅವಶೇಷಗಳನ್ನು ನೋಡುತ್ತಿರುವಂತೆಯೇ ಛಾಯಾಚಿತ್ರ ತೆಗೆದರು.

ಸ್ವದೇಶಕ್ಕೆ ಮರಳಿದ ದಂಪತಿಗಳು ಈ ಚಿತ್ರವನ್ನೂ ಇಂತಹ ಇತರ ಚಿತ್ರಗಳನ್ನೂ ಗಾಜಿಗೆ ಇಳಿಸಿ, 1904ರಲ್ಲಿ ಸ್ಥಾಪನೆಯಾಗಿದ್ದ ಕಾಂಗೋ ಸುಧಾರಣಾ ಸಂಘದ ಪರವಾಗಿ ಸಭೆಗಳನ್ನು ನಡೆಸಿದರು. ದೇವಾಲಯಗಳು, ಪುರಭವನಗಳು, ಊರಿನ ಸಭಾಂಗಣಗಳೇ ಅವರ ವೇದಿಕೆಗಳು. ಮೊದಲ ಎರಡು ವರ್ಷಗಳಲ್ಲಿಯೇ ಇಬ್ಬರೂ ಜೊತೆಯಾಗಿ ಅಥವಾ ಬೇರೆಬೇರೆಯಾಗಿ 600 ಬಾರಿ ಮಾತನಾಡಿದರು. ವೇಲ್ಸ್ ಪ್ರಾಂತದ ಸಭೆಯೊಂದರಲ್ಲಿ ಮಹಿಳೆಯೊಬ್ಬರು ತಮ್ಮ ಒಡವೆಗಳನ್ನೇ ತೆಗೆದು, ಮಾರಿ ಬಳಸಿಕೊಳ್ಳಿರೆಂದು ಆಲಿಸ್ ಅವರ ಕೈಗಿತ್ತರು. ಕಾಂಗೋವನ್ನು ಕಾಣದವರೂ ಓದಿ ಹೇಳಲೆಂದು 60 ಚಿತ್ರಗಳ ಒಂದು ಕಟ್ಟು ಮತ್ತು ಅದಕ್ಕೆ ತಕ್ಕ ಅಚ್ಚಾದ ಉಪನ್ಯಾಸ ಸಿದ್ಧವಾದವು. ಪತ್ರಿಕೆಗಳ ವರದಿಗಳನ್ನೂ ಅಧಿಕಾರಿಗಳ ದಾಖಲೆಗಳನ್ನೂ ಸುಳ್ಳೆಂದು ತಳ್ಳಿಹಾಕುವುದು ದೊರೆಗೆ ಕಷ್ಟವಾಗಿರಲಿಲ್ಲ. ಕಣ್ಣಾರೆ ಕಂಡವರೇ ನಿಂತು ತೋರಿಸುವ ಚಿತ್ರವನ್ನು ತಳ್ಳಿಹಾಕುವುದು ಸುಲಭವಾಗಲಿಲ್ಲ. 1908ರಲ್ಲಿ ಲಿಯೋಪೋಲ್ಡ್ ಕಾಂಗೋವನ್ನು ಬೆಲ್ಜಿಯಂ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು.

ಅಷ್ಟರಿಂದಲೇ ಕಾಂಗೋದ ಸಂಕಟ ಮುಗಿಯಲಿಲ್ಲವೆಂಬುದನ್ನೂ ನಾವು ಮರೆಯಬಾರದು. ಬಲವಂತದ ದುಡಿಮೆ ಮುಂದೆಯೂ ಹಲವು ರೂಪಗಳಲ್ಲಿ ಉಳಿಯಿತು. ಸ್ವಾತಂತ್ರ್ಯ ಬಂದದ್ದು 1960ರಲ್ಲಿ. ಇಂದಿನ ಇತಿಹಾಸಕಾರರು ಇನ್ನೊಂದು ಮಾತನ್ನೂ ಎತ್ತುತ್ತಾರೆ. ಪರದೆಯ ಮೇಲೆ ಕಂಡ ಆಫ್ರಿಕದ ಜನರು ಕೇವಲ ಕರುಣೆಗೆ ಪಾತ್ರರಾಗಿ ಕಂಡರೇ ಹೊರತು ತಮ್ಮ ಮಾತನ್ನು ತಾವೇ ಆಡುವವರಾಗಿ ಕಾಣಲಿಲ್ಲ. ಆದರೆ ನೆನಪಿಡಿ: ಗಂಟನ್ನು ಹೊತ್ತು ಸಾಕ್ಷಿ ಹೇಳಲು ನಡೆದು ಬಂದವನು ಎನ್‌ಸಾಲನೇ. ಆಲಿಸ್ ಅವನ ಸಾಕ್ಷ್ಯವನ್ನು ಸಾಗರದಾಚೆಗೆ ಮುಟ್ಟಿಸಿದರು.

ನಾವೂ ಒಂದು ಕಾಲದಲ್ಲಿ ಪರದೆಯ ಆ ಬದಿಯಲ್ಲಿದ್ದವರೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುಂದಿನ ದಶಕಗಳಲ್ಲಿ ತೆಗೆದ ನಮ್ಮ ನಾಡಿನ ಛಾಯಾಚಿತ್ರಗಳು ಇಂದಿಗೂ ಸ್ವಿಟ್ಜರ್ಲೆಂಡಿನ ದಾಖಲೆ ಭಂಡಾರದಲ್ಲಿವೆ. ಅವುಗಳಲ್ಲಿರುವವರು ಯಾರದೋ ಅಜ್ಜ, ಯಾರದೋ ಮುತ್ತಜ್ಜಿ. ಹೆಸರು ತಿಳಿಯದ ಆ ಮುಖಗಳನ್ನು ದೂರದವರು ಯಾವ ಭಾವದಿಂದ ನೋಡಬೇಕೆಂದು ನಾವು ಬಯಸುತ್ತೇವೆಯೋ, ಅದೇ ಭಾವದಿಂದ ನಾವೂ ಇತರರನ್ನು ನೋಡಬೇಕಲ್ಲವೇ?

ಆದ್ದರಿಂದ ವಾಚಕರೇ, ನಾಳೆ ತಾವು ಯಾತ್ರೆಯಿಂದಲೋ ದುಡಿಮೆಯ ಪರದೇಶದಿಂದಲೋ ಮರಳಿ, ಧರ್ಮಕೇಂದ್ರದ ಯುವಕರ ಕೂಟದಲ್ಲೋ ಮಹಿಳೆಯರ ಸಂಘದಲ್ಲೋ ಚಿತ್ರಗಳನ್ನು ತೋರಿಸಲು ನಿಂತಾಗ ದೇವಾಲಯಗಳ ಗೋಪುರಗಳನ್ನು ಧಾರಾಳವಾಗಿ ತೋರಿಸಿ. ಹೋಮ್ಸ್ ಹಂಚಿದ ಆನಂದ ನಮಗೂ ಬೇಕು. ಅದರ ಜೊತೆಗೆ ತಮ್ಮ ಬಸ್ಸನ್ನು ಓಡಿಸಿದವನ, ಕೋಣೆಯನ್ನು ಗುಡಿಸಿದವಳ ಚಿತ್ರವನ್ನೂ ಒಂದೆರಡು ತೋರಿಸಿ, ಸಾಧ್ಯವಾದರೆ ಅವರ ಹೆಸರನ್ನೂ ಹೇಳಿ. ಕೇಳುತ್ತಾ ಕುಳಿತವರಾಗಿದ್ದರೆ, ದೀಪ ಹತ್ತಿದೊಡನೆ ಚಹಾದ ಕಡೆಗೆ ನಡೆಯುವ ಮುನ್ನ ಒಂದು ಪ್ರಶ್ನೆಯನ್ನಾದರೂ ಕೇಳಿ: ‘ಅಲ್ಲಿನ ಜನ ಹೇಗಿದ್ದಾರೆ?’

ವೇಲ್ಸಿನ ಆ ಮಹಿಳೆ ಕಾಂಗೋವನ್ನು ಎಂದೂ ಕಂಡಿರಲಿಲ್ಲ. ಅವಳು ಕಂಡದ್ದು ಗೋಡೆಯ ಮೇಲಿನ ಬೆಳಕನ್ನು ಮಾತ್ರ. ಆದರೂ ಒಬ್ಬ ಅಪರಿಚಿತ ತಂದೆಯ ದುಃಖ ತನ್ನದೆಂದು ಅವಳಿಗೆ ಅನ್ನಿಸಿತು.